ಹಳೇ ಕಾರಿನ ಎಂಜಿನ್ ಯಾವುದು ಅಂತ ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಮುಂದೆ ನಿಂತಾಗ ಮೊದಲು ಏನು ನೋಡಬೇಕು?

ಬ್ಲಾಕ್ ನೋಡಿ. ಸಿಲಿಂಡರ್‌ಗಳಿರುವ ದೊಡ್ಡ ಎರಕದ ತುಂಡು ಅದು. ಕಾರ್ಬುರೇಟರ್, ಡೈನಮೋ, ಡಿಸ್ಟ್ರಿಬ್ಯೂಟರ್, ಕೊನೆಗೆ ಬ್ಲಾಕಿನ ಮೇಲೆ ಕೂರುವ ಮುಚ್ಚಳ, ಅಂದರೆ ಹೆಡ್ ಕೂಡ ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಬದಲಾಗಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಬ್ಲಾಕ್ ಬದಲಾದರೆ ಮಾತ್ರ ಎಂಜಿನ್ನೇ ಬದಲಾದ ಹಾಗೆ. ಆದ್ದರಿಂದ ಎಂಜಿನ್ ಗುರುತು ಅಂದರೆ ಬ್ಲಾಕಿನ ಗುರುತು.

ಬ್ಲಾಕಿನಲ್ಲಿ ಮೂರು ಸಾಕ್ಷಿಗಳು ಸಿಗುತ್ತವೆ. ಎರಕದಲ್ಲೇ ಮೂಡಿದ ನಂಬರ್, ಆಮೇಲೆ ಪಂಚ್ ಹೊಡೆದ ನಂಬರ್, ನಾವೇ ತೆಗೆಯುವ ಅಳತೆ. ಈ ಮೂರೂ ಒಂದೇ ಮಾತು ಹೇಳಿದರೆ ನಂಬಿ. ಒಂದನ್ನೇ ಹಿಡಿದುಕೊಂಡು ತೀರ್ಮಾನಕ್ಕೆ ಬಂದರೆ ಎಡವಟ್ಟಾಗುವುದೇ ಜಾಸ್ತಿ.

ಬ್ಲಾಕ್ ಮೇಲೆ ನಾಲ್ಕೈದು ನಂಬರ್ ಕಾಣುತ್ತಿವೆ. ಎಂಜಿನ್ ನಂಬರ್ ಯಾವುದು?

ಬೆರಳಿನಿಂದ ಸವರಿ ನೋಡಿ. ನಂಬರ್ ಉಬ್ಬಿದ್ದರೆ ಅದು ಎರಕದ ನಂಬರ್. ಅಚ್ಚಿನಲ್ಲೇ ಇದ್ದದ್ದು. ಅದೇ ಅಚ್ಚಿನಿಂದ ಬಂದ ಸಾವಿರಾರು ಬ್ಲಾಕ್‌ಗಳಿಗೂ ಅದೇ ನಂಬರ್ ಇರುತ್ತದೆ. ಇದು ಯಾವ ಜಾತಿಯ ಬ್ಲಾಕ್ ಅಂತ ಅದು ಹೇಳುತ್ತದೆ ಅಷ್ಟೇ.

ನಂಬರ್ ಒಳಗೆ ಇಳಿದಿದ್ದರೆ ಅದು ಪಂಚ್ ಹೊಡೆದದ್ದು. ಸಾಮಾನ್ಯವಾಗಿ ಯಂತ್ರದಲ್ಲಿ ನಯ ಮಾಡಿದ ಒಂದು ಚಿಕ್ಕ ಸಮತಟ್ಟು ಜಾಗದಲ್ಲಿ ಇರುತ್ತದೆ. ಇದೇ ಎಂಜಿನ್ ನಂಬರ್. ನಿಮ್ಮ ಕೈಯಲ್ಲಿರುವ ಈ ಒಂದು ಎಂಜಿನ್ನಿಗೆ ಸೇರಿದ್ದು.

ಮೂರನೆಯದು ತಗಡಿನ ಪಟ್ಟಿ. ರಿವೆಟ್ ಅಥವಾ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಓದಲು ಸುಲಭ, ಆದರೆ ಮೂರರಲ್ಲಿ ನಾನು ಕಡಿಮೆ ನಂಬುವುದು ಇದನ್ನೇ. ಸ್ಕ್ರೂ ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಐದು ನಿಮಿಷದ ಕೆಲಸ, ಅಲ್ವಾ?

ನಂಬರ್ ಎಲ್ಲಿರುತ್ತದೆ?

ಒಬ್ಬೊಬ್ಬ ತಯಾರಕರದು ಒಂದೊಂದು ಜಾಗ. ಹೆಚ್ಚಾಗಿ ಎದುರಾಗುವ ಕೆಲವನ್ನು ಹೇಳುತ್ತೇನೆ.

ಫೋರ್ಡ್ ಮಾಡೆಲ್ ಟಿ ಮತ್ತು ಮಾಡೆಲ್ ಎ ಎರಡರಲ್ಲೂ ಬ್ಲಾಕಿನ ಎಡಗಡೆ, ನೀರು ಒಳಗೆ ಹೋಗುವ ಬಾಯಿಯ ಮೇಲೆ ನೋಡಿ. ಎಡ ಬಲ ಅಂದರೆ ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡಿದಾಗಿನ ಎಡ ಬಲ. ಈ ಪುಟದ ಉದ್ದಕ್ಕೂ ಹಾಗೇ ಲೆಕ್ಕ. ಮಾಡೆಲ್ ಎ ನಂಬರ್ 'ಎ' ಅಕ್ಷರದಿಂದ ಶುರುವಾಗುತ್ತದೆ, ಎರಡೂ ತುದಿಯಲ್ಲಿ ಒಂದೊಂದು ನಕ್ಷತ್ರದ ಗುರುತು ಇರುತ್ತದೆ.

1932ರಲ್ಲಿ ಬಂದ ಫೋರ್ಡ್ ಸೈಡ್ ವಾಲ್ವ್ ವಿ8 (ವಾಲ್ವ್‌ಗಳು ಹೆಡ್ಡಿನಲ್ಲಿರದೆ ಬ್ಲಾಕಿನಲ್ಲೇ ಇರುವ, ವಿ ಆಕಾರದ ಎಂಟು ಸಿಲಿಂಡರ್ ಎಂಜಿನ್) ವಿಷಯದಲ್ಲಿ ತುಂಬ ಜನ ಸುಸ್ತಾಗುತ್ತಾರೆ. ಬ್ಲಾಕ್ ಪೂರ್ತಿ ಉಜ್ಜಿದರೂ ನಂಬರ್ ಸಿಗುವುದಿಲ್ಲ. ಯಾಕೆಂದರೆ ಅದನ್ನು ಹೊಡೆದಿದ್ದು ಗೇರ್‌ಬಾಕ್ಸ್ ಕಡೆಯ ಹೌಸಿಂಗ್ ಮೇಲೆ ಮತ್ತು ಚಾಸಿ ಮೇಲೆ. ಗೇರ್‌ಬಾಕ್ಸ್ ಬದಲಾಗಿದ್ದರೆ ನಂಬರೂ ಅದರ ಜೊತೆಗೇ ಹೋಗಿರುತ್ತದೆ.

1955ರಿಂದ ಶುರುವಾದ ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8ನಲ್ಲಿ ಬಲಗಡೆ ಹೆಡ್ಡಿನ ಮುಂದೆ ಬ್ಲಾಕಿನ ಒಂದು ಚಪ್ಪಟೆ ಜಾಗ ಹೊರಗೆ ಚಾಚಿರುತ್ತದೆ. ನಂಬರ್ ಅಲ್ಲಿದೆ. ಎಷ್ಟೋ ಸಲ ಡೈನಮೋ ಅಥವಾ ಆಲ್ಟರ್ನೇಟರ್ ಅದನ್ನು ಮುಚ್ಚಿಕೊಂಡಿರುತ್ತದೆ. ಎರಕದ ನಂಬರ್ ಬೇಕಾದರೆ ಹಿಂದೆ ಹೋಗಿ, ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ) ಸೇರುವ ಅಂಚಿನಲ್ಲಿ ಹುಡುಕಿ.

ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಡೈನಮೋ ಕೂತಿರುವ ಪೀಠದ ಬುಡದಲ್ಲಿ, ಕ್ರ್ಯಾಂಕ್‌ಕೇಸ್ ಮೇಲೆ. ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನಲ್ಲಿ ಬ್ಲಾಕ್ ಮೇಲೂ ಇದೆ, ಹೆಡ್ಡಿನ ಮುಂಭಾಗದಲ್ಲೂ ಇದೆ. ಇವೆರಡನ್ನು ಹೋಲಿಸಿದರೆ ಹೆಡ್ ಹುಟ್ಟಿನಿಂದ ಇದ್ದದ್ದೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ಆ ನಂಬರಿನ ಕೊನೆಯಲ್ಲಿ 7, 8 ಅಥವಾ 9 ಅಂತ ಬೇರೆಯಾಗಿ ಇದ್ದರೆ ಅದು ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅಂತ. ಎಂಜಿ ಟಿ ಸರಣಿಯ ಕಾರುಗಳ ಎಕ್ಸ್‌ಪಿಎಜಿ ಎಂಜಿನ್ನಿಗೆ ಎಂಟು ಮೂಲೆಯ ಹಿತ್ತಾಳೆ ಪಟ್ಟಿ ಇತ್ತು. ಎರಡನೇ ಮಹಾಯುದ್ಧದ ಜೀಪಿನಲ್ಲಿ ಬಲಗಡೆ ಮುಂಭಾಗದ ಉಬ್ಬು ಜಾಗದಲ್ಲಿ ನೋಡಿ. 'ಎಂಬಿ' ಅಂತ ಶುರುವಾದರೆ ವಿಲ್ಲಿಸ್ ಮಾಡಿದ್ದು, 'ಜಿಪಿಡಬ್ಲ್ಯು' ಅಂತಿದ್ದರೆ ಫೋರ್ಡ್ ಮಾಡಿದ್ದು. ಫೋರ್ಡ್ ತನ್ನ ಬೋಲ್ಟ್‌ಗಳ ತಲೆಯ ಮೇಲೂ 'ಎಫ್' ಹೊಡೆದಿತ್ತು. ನಂಬರ್ ಅಳಿಸಿಹೋಗಿದ್ದರೂ ಈ 'ಎಫ್' ಅಲ್ಲಲ್ಲಿ ಉಳಿದಿರುತ್ತದೆ.

ತುಕ್ಕು, ಗ್ರೀಸ್, ಬಣ್ಣ ಎಲ್ಲ ಮೆತ್ತಿಕೊಂಡಿದೆ. ಹೇಗೆ ಓದುವುದು?

ನಿಧಾನಕ್ಕೆ. ಇಲ್ಲಿ ಅವಸರ ಮಾಡಿದರೆ ಹಾಳಾಗುವುದು ಮತ್ತೆ ಸಿಗುವುದಿಲ್ಲ. ಗ್ರೈಂಡರ್ ಬೇಡ, ಡ್ರಿಲ್ಲಿಗೆ ಹಾಕುವ ವೈರ್ ಬ್ರಷ್ ಬೇಡ, ಒರಟು ಉಪ್ಪುಕಾಗದವೂ ಬೇಡ. ಪಂಚ್ ಹೊಡೆದ ಗುರುತು ಹೆಚ್ಚು ಆಳ ಇರುವುದಿಲ್ಲ.

ಸೀಮೆಎಣ್ಣೆಯಲ್ಲಿ ಬಟ್ಟೆ ನೆನೆಸಿ ಆ ಜಾಗದ ಮೇಲೆ ಒಂದಷ್ಟು ಹೊತ್ತು ಬಿಡಿ. ಗ್ರೀಸ್ ಮೆತ್ತಗಾದ ಮೇಲೆ ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ. ಬಣ್ಣ ಇದ್ದರೆ ಪೇಂಟ್ ರಿಮೂವರ್ ಹಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ತುಕ್ಕಿಗೆ ಕೈಯಲ್ಲಿ ಹಿಡಿಯುವ ಹಿತ್ತಾಳೆ ಬ್ರಷ್ ಸಾಕು.

ಆಮೇಲೆ ಟಾರ್ಚ್. ನೇರವಾಗಿ ಬಿಟ್ಟರೆ ಏನೂ ಕಾಣುವುದಿಲ್ಲ. ಟಾರ್ಚನ್ನು ಬ್ಲಾಕಿಗೆ ಹೆಚ್ಚುಕಡಿಮೆ ತಾಗಿಸಿ ಅಡ್ಡಡ್ಡ ಬೆಳಕು ಬಿಡಿ. ಪ್ರತಿ ಗೀರಿನ ಒಂದು ಅಂಚಿಗೆ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. ಬೆಳಕನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬಿಟ್ಟು ಫೋಟೋ ತೆಗೆದಿಟ್ಟುಕೊಳ್ಳಿ. ಒಂದರಲ್ಲಿ 3ರ ಹಾಗೆ ಕಂಡದ್ದು ಇನ್ನೊಂದರಲ್ಲಿ 8 ಆಗಿರುತ್ತದೆ. ಇನ್ನೂ ಅನುಮಾನ ಇದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ಲನ್ನು ಓರೆಯಾಗಿ ಹಿಡಿದು ತಿಕ್ಕಿ. ಎರಕದ ಉಬ್ಬು ನಂಬರಿಗಾದರೆ ಸೀಮೆಸುಣ್ಣ ಸವರಿದರೂ ಸಾಕು, ಉಬ್ಬಿದ ಭಾಗ ಮಾತ್ರ ಬೆಳ್ಳಗಾಗುತ್ತದೆ.

ಒಂದು ಅಂಕಿ ಸರಿಯಾಗಿ ಕಾಣದಿದ್ದರೆ ಅದೇ ನಂಬರಿನ ಬೇರೆ ಅಂಕಿಗಳ ಜೊತೆ ಹೋಲಿಸಿ. ಸಾಮಾನ್ಯವಾಗಿ ಒಂದೇ ಸೆಟ್ಟಿನ ಪಂಚ್‌ಗಳಿಂದ ಹೊಡೆದಿರುವುದರಿಂದ ಸ್ಪಷ್ಟವಾಗಿರುವ 5 ಹೇಗಿದೆಯೋ ಮಸುಕಾದ 5 ಕೂಡ ಹಾಗೇ ಇರಬೇಕು.

ಒಂದು ಅಕ್ಷರ, ಜೊತೆಗೆ ಎರಡು ಮೂರು ಅಂಕಿ ಇವೆ. ಇದೇನು?

ಎರಕ ಹೊಯ್ದ ದಿನಾಂಕ ಇರಬಹುದು. ನನ್ನ ಪ್ರಕಾರ ಬ್ಲಾಕಿನಲ್ಲಿ ಸಿಗುವ ಅತ್ಯಂತ ಬೆಲೆಬಾಳುವ ಮಾಹಿತಿ ಇದು, ಆದರೂ ಜನ ಇದನ್ನು ದಾಟಿಕೊಂಡು ಹೋಗಿಬಿಡುತ್ತಾರೆ.

ಷೆವ್ರೊಲೆಯಲ್ಲಿ ಮೊದಲು ತಿಂಗಳು, ಆಮೇಲೆ ತಾರೀಕು, ಕೊನೆಯಲ್ಲಿ ವರ್ಷದ ಕೊನೇ ಅಂಕಿ. 'ಎ' ಅಂದರೆ ಜನವರಿ, 'ಬಿ' ಅಂದರೆ ಫೆಬ್ರುವರಿ, ಹೀಗೆ 'ಎಲ್' ವರೆಗೆ. 'ಸಿ 14 7' ಅಂತಿದ್ದರೆ ಮಾರ್ಚ್ 14, ವರ್ಷ 7ರಲ್ಲಿ ಕೊನೆಯಾಗುವಂಥದ್ದು. 1960ರ ದಶಕದ ಫೋರ್ಡ್‌ನಲ್ಲಿ ವರ್ಷ ಮೊದಲು ಬರುತ್ತದೆ, ಆಮೇಲೆ ತಿಂಗಳು, ಆಮೇಲೆ ತಾರೀಕು. '5ಸಿ14' ಅಂದರೆ 1965ರ ಮಾರ್ಚ್ 14. ಫೋರ್ಡ್‌ನವರು 'ಐ' ಅಕ್ಷರ ಬಿಟ್ಟಿದ್ದಾರೆ, 1ರ ಹಾಗೆ ಕಾಣುತ್ತದಲ್ಲ. ಹಾಗಾಗಿ ಅವರಲ್ಲಿ 'ಜೆ' ಅಂದರೆ ಸೆಪ್ಟೆಂಬರ್, ಷೆವ್ರೊಲೆಯಲ್ಲಿ ಅಕ್ಟೋಬರ್.

ವರ್ಷಕ್ಕೆ ಒಂದೇ ಅಂಕಿ ಇದ್ದರೆ ಹತ್ತು ವರ್ಷದ ಗೊಂದಲ ಉಳಿಯುತ್ತದೆ. 7 ಅಂದರೆ 1957ಓ 1967ಓ? ಇಲ್ಲಿ ಬ್ಲಾಕಿನ ಆಕಾರ ಕೈಹಿಡಿಯುತ್ತದೆ. ಮೊದಲ ಸ್ಮಾಲ್ ಬ್ಲಾಕ್‌ಗಳಲ್ಲಿ ಎಂಜಿನ್ನನ್ನು ಚಾಸಿಗೆ ಹಿಡಿಸುವ ಮೌಂಟಿಂಗ್ ಇದ್ದದ್ದು ಮುಂಭಾಗದಲ್ಲಿ ಮಾತ್ರ. 1958ರಿಂದ ಪಕ್ಕದಲ್ಲೂ ಬಂತು. ಪಕ್ಕದಲ್ಲಿ ಮೌಂಟಿಂಗ್ ಬೋಲ್ಟ್ ಹಾಕುವ ತೂತುಗಳಿದ್ದರೆ 1957 ಅಲ್ಲ. ಇನ್ನು 1955ರ ಬ್ಲಾಕಿನಲ್ಲಿ ಆಯಿಲ್ ಫಿಲ್ಟರ್ ಕೂರಿಸಲು ಜಾಗವೇ ಇರಲಿಲ್ಲ.

'ಸಿ5ಎಇ-6015' ಥರದ ನಂಬರ್ ಅಂದರೆ?

ಅದು ಫೋರ್ಡ್ ಪದ್ಧತಿ. ಮೊದಲ ಅಕ್ಷರ ದಶಕ: 'ಬಿ' ಅಂದರೆ 1950ರ ದಶಕ, 'ಸಿ' ಅಂದರೆ 1960ರ ದಶಕ, 'ಡಿ' ಅಂದರೆ 1970ರ ದಶಕ. ಪಕ್ಕದ ಅಂಕಿ ವರ್ಷ. ಮೂರನೇ ಅಕ್ಷರ ಯಾವ ಸಾಲಿನ ಗಾಡಿಗೆ ಅಂತ, ನಾಲ್ಕನೆಯದು ಯಾವ ವಿಭಾಗ ಅಂತ. 'ಇ' ಎಂಜಿನ್ ವಿಭಾಗ. 6015 ಅಂದರೆ ಬ್ಲಾಕ್, 6049 ಅಂದರೆ ಹೆಡ್.

ಎಚ್ಚರ: ಇದು ಆ ವಿನ್ಯಾಸ ಸಿದ್ಧವಾದ ವರ್ಷ. 1965ರ ವಿನ್ಯಾಸವನ್ನು 1968ರಲ್ಲಿ ಎರಕ ಹೊಯ್ದಿದ್ದರೂ 'ಸಿ5' ಅಂತಲೇ ಇರುತ್ತದೆ. ಬ್ಲಾಕಿನ ವಯಸ್ಸಿಗೆ ಎರಕದ ದಿನಾಂಕವನ್ನೇ ನೋಡಿ.

ಎರಕದ ನಂಬರ್ ಆ ನಂಬರ್‌ಗಳ ಪುಸ್ತಕದಲ್ಲಿ ಸಿಕ್ಕಿತು. ಆದರೆ ಅದರ ಮುಂದೆ ಮೂರು ಎಂಜಿನ್ ಹೆಸರಿದೆ. ನನ್ನದು ಯಾವುದು?

ಇದು ಮಾಮೂಲು. ಷೆವ್ರೊಲೆ 3970010 ಇದಕ್ಕೆ ಒಳ್ಳೆಯ ಉದಾಹರಣೆ. 302, 327, 350 ಘನ ಇಂಚಿನ ಮೂರೂ ಎಂಜಿನ್‌ಗಳಿಗೆ ಅದೇ ಬ್ಲಾಕ್ ಬಳಕೆಯಾಗಿದೆ. ಮೂರಕ್ಕೂ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 4 ಇಂಚು. ವ್ಯತ್ಯಾಸ ಇರುವುದು ಪಿಸ್ಟನ್‌ಗಳು ಮೇಲೆ ಕೆಳಗೆ ಆಡುವಾಗ ತಿರುಗುವ ಕ್ರ್ಯಾಂಕ್‌ನಲ್ಲಿ. 302ಕ್ಕೆ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ, 3 ಇಂಚು, 327ಕ್ಕೆ 3.25, 350ಕ್ಕೆ 3.48. ಹೊರಗಿನಿಂದ ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಪಂಚ್ ನಂಬರಿನ ಕೊನೆಯ ಅಕ್ಷರಗಳು ಹೇಳಬೇಕು, ಇಲ್ಲಾಂದ್ರೆ ಸ್ಟ್ರೋಕ್ ಅಳೆಯಬೇಕು.

ಎಂಜಿನ್ ಬಿಚ್ಚದೇ ಸ್ಟ್ರೋಕ್ ಅಳೆಯಬಹುದಾ?

ಎಷ್ಟೋ ಎಂಜಿನ್‌ಗಳಲ್ಲಿ ಆಗುತ್ತದೆ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪಿಸ್ಟನ್ ಮೇಲೆ ನೇರವಾಗಿ ಇಳಿಯುವ ಪ್ಲಗ್ ತೂತಿನೊಳಗೆ ಗಟ್ಟಿ ಪ್ಲಾಸ್ಟಿಕ್ ಕಡ್ಡಿ ಬಿಡಿ. ಪೂರ್ತಿ ಒಳಗೆ ಬೀಳದಷ್ಟು ಉದ್ದ ಇರಲಿ, ಮುರಿಯುವಂಥದ್ದು ಬೇಡ. ಎಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ಕಡ್ಡಿ ಎಲ್ಲಿಯಾದರೂ ಸಿಕ್ಕಿಕೊಂಡ ಹಾಗೆ ಅನಿಸಿದರೆ ಅಲ್ಲೇ ನಿಲ್ಲಿಸಿ. ಪಿಸ್ಟನ್ ತೀರ ಮೇಲೆ ಬಂದಾಗ ಒಂದು ಗುರುತು, ತೀರ ಕೆಳಗೆ ಹೋದಾಗ ಒಂದು ಗುರುತು. ನಡುವಿನ ಅಂತರವೇ ಸ್ಟ್ರೋಕ್. ಪ್ಲಗ್ ಓರೆಯಾಗಿದ್ದರೆ ಈ ಅಳತೆ ಸರಿ ಬರುವುದಿಲ್ಲ. ಸೈಡ್ ವಾಲ್ವ್ ಎಂಜಿನ್‌ಗಳಲ್ಲಿ ಪ್ಲಗ್ ಬಹಳ ಸಲ ವಾಲ್ವ್ ಮೇಲೆ ಇರುತ್ತದೆ, ಪಿಸ್ಟನ್ ಮೇಲಲ್ಲ. ಅಲ್ಲಿ ಹೆಡ್ ಬಿಚ್ಚದೇ ಬೇರೆ ದಾರಿಯಿಲ್ಲ.

ಎಂಜಿನ್ ಜಾಮ್ ಆಗಿದ್ದರೆ ಬಲವಂತ ಮಾಡಬೇಡಿ. ಸಿಲಿಂಡರಿಗೆ ಎಣ್ಣೆ ಬಿಟ್ಟು ಕೆಲವು ದಿನ ಕಾಯಿರಿ.

ಬೋರ್ ಅಳೆಯಲು ಹೆಡ್ ತೆಗೆಯಲೇಬೇಕು. ಎರಡೂ ಸಿಕ್ಕ ಮೇಲೆ ಎಂಜಿನ್ನಿನ ಒಟ್ಟು ಗಾತ್ರದ ಲೆಕ್ಕ ಸುಲಭ. 0.7854 ಗುಣಿಸು ಬೋರ್ ಗುಣಿಸು ಬೋರ್ ಗುಣಿಸು ಸ್ಟ್ರೋಕ್ ಗುಣಿಸು ಸಿಲಿಂಡರ್ ಸಂಖ್ಯೆ. ಮಾಡೆಲ್ ಎ ಬೋರ್ 3.875 ಇಂಚು, ಸ್ಟ್ರೋಕ್ 4.25 ಇಂಚು, ನಾಲ್ಕು ಸಿಲಿಂಡರ್. ಲೆಕ್ಕ ಹಾಕಿದರೆ 200.5 ಘನ ಇಂಚು, ಅಂದರೆ ಸುಮಾರು 3,285 ಸಿ.ಸಿ.

ನನ್ನ ಬೋರ್ ಅಳತೆ ಯಾವ ಪುಸ್ತಕಕ್ಕೂ ಹೊಂದುತ್ತಿಲ್ಲ!

ಬೋರ್ ಮಾಡಿಸಿರುತ್ತಾರೆ. ಹಳೇ ಎಂಜಿನ್‌ಗಳಲ್ಲಿ ಸಿಲಿಂಡರ್ ಸವೆದಾಗ ಕೊರೆದು ದೊಡ್ಡ ಪಿಸ್ಟನ್ ಹಾಕುವುದು ಸಾಮಾನ್ಯ. ಪಿಸ್ಟನ್ ತಲೆ ಒರೆಸಿ ನೋಡಿ, 020, 030, 040 ಅಂತ ಇರಬಹುದು. ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಎಷ್ಟು ದೊಡ್ಡದು ಅಂತ ಅದರ ಅರ್ಥ. ಅಷ್ಟನ್ನು ಕಳೆದರೆ ಮೂಲ ಬೋರ್ ಸಿಗುತ್ತದೆ. ಬೋರ್ ಮಾಡಿಸಿದರೆ ಸ್ಟ್ರೋಕ್ ಬದಲಾಗುವುದಿಲ್ಲ. ಅದಕ್ಕೇ ನಾನು ಸ್ಟ್ರೋಕನ್ನು ಜಾಸ್ತಿ ನಂಬುತ್ತೇನೆ.

ಒಂದು ನಂಬರೂ ಉಳಿದಿಲ್ಲ. ಆಗ?

ಎಂಜಿನ್ನಿನ ಆಕಾರವೇ ಬೇಕಾದಷ್ಟು ಹೇಳುತ್ತದೆ. ಮೊದಲು ವಾಲ್ವ್ ಎಲ್ಲಿವೆ ನೋಡಿ. ಹೆಡ್ ಬರೀ ಚಪ್ಪಟೆ ಮುಚ್ಚಳದ ಹಾಗಿದ್ದು, ಬ್ಲಾಕಿನ ಪಕ್ಕದಲ್ಲಿ ವಾಲ್ವ್ ಕವರ್ ಇದ್ದರೆ ಅದು ಸೈಡ್ ವಾಲ್ವ್. ಹೆಡ್ಡಿನ ಮೇಲೆ ಉದ್ದದ ಕವರ್ ಇದ್ದು ಅದರೊಳಗೆ ವಾಲ್ವ್ ಒತ್ತುವ ರಾಕರ್‌ಗಳಿದ್ದರೆ ಓವರ್‌ಹೆಡ್ ವಾಲ್ವ್. ಒಳಗೆ ಎಳೆಯುವ ವಾಲ್ವ್ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವ್ ಬ್ಲಾಕಿನಲ್ಲಿ ಇರುವ ಎಂಜಿನ್‌ಗಳೂ ಇವೆ. ಯುದ್ಧಕಾಲದ ಜೀಪಿನ 134 ಘನ ಇಂಚಿನ ಎಂಜಿನ್ ಪೂರ್ತಿ ಸೈಡ್ ವಾಲ್ವ್. ಅದರ ಮುಂದಿನ ಪೀಳಿಗೆಯ ಹರಿಕೇನ್ ಎಂಜಿನ್ ಈ ಎರಡೂ ಸೇರಿದ ಬಗೆಯದು. ಅಳತೆ ಅದೇ 134, ಆದರೆ ಮೇಲಿನ ಕವರ್ ನೋಡಿದ ಕೂಡಲೇ ಬೇರೆ ಅಂತ ತಿಳಿಯುತ್ತದೆ.

ಆಮೇಲೆ ಹೆಡ್ಡಿನ ಸ್ಟಡ್, ಅಂದರೆ ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ತಿರುಪು ಕಡ್ಡಿಗಳನ್ನು ಎಣಿಸಿ. ಫೋರ್ಡ್ ಸೈಡ್ ವಾಲ್ವ್ ವಿ8ಗೆ ಇದರಷ್ಟು ಸರಳ ಪರೀಕ್ಷೆ ಇನ್ನೊಂದಿಲ್ಲ. ಒಂದು ಹೆಡ್ಡಿಗೆ 21 ಇದ್ದರೆ 1930ರ ದಶಕದ ಮೊದಲ ಬಗೆ. 24 ಇದ್ದರೆ 1938ರಲ್ಲಿ ಶುರುವಾದ ಬಗೆ. 17 ಇದ್ದರೆ 136 ಘನ ಇಂಚಿನ ಚಿಕ್ಕ ವಿ8. 21 ಸ್ಟಡ್ಡಿನದ್ದಾದರೆ ವಾಟರ್ ಪಂಪ್ ನೋಡಿ. 1936ರವರೆಗೆ ಪಂಪ್ ಹೆಡ್ಡಿನಲ್ಲಿತ್ತು, 1937ರಲ್ಲಿ ಬ್ಲಾಕಿಗೆ ಬಂತು. 24ರದ್ದಾದರೆ ಹಿಂಭಾಗ ನೋಡಿ. ಬೆಲ್ ಹೌಸಿಂಗಿನ ಮೇಲರ್ಧ ಬ್ಲಾಕಿನ ಜೊತೆಗೇ ಎರಕವಾಗಿದ್ದರೆ 1948ರೊಳಗಿನ ಕಾರಿನ ಬಗೆ. ಹಿಂಭಾಗ ಚಪ್ಪಟೆಯಾಗಿದ್ದು ಹೌಸಿಂಗ್ ಬೇರೆಯಾಗಿ ಬೋಲ್ಟ್ ಆಗಿದ್ದರೆ ಆಮೇಲಿನದು. ನೋಡಿ, ಒಂದೂ ನಂಬರ್ ಓದದೆ ಎಷ್ಟು ಹತ್ತಿರ ಬಂದೆವು!

ಮಾಡೆಲ್ ಟಿಯಲ್ಲೂ ಹೀಗೆ ವಯಸ್ಸು ಹೇಳಬಹುದು. ವಾಲ್ವ್ ಕವರ್ ಎರಡಿದ್ದರೆ ಹಳೆಯದು, ಒಂದೇ ಉದ್ದದ ಕವರ್ ಇದ್ದರೆ 1922ರಿಂದ ಈಚಿನದು.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸರದಿ, ಎರಕದಲ್ಲೇ ಬರೆದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. 1-5-3-6-2-4 ಎಷ್ಟೋ ಆರು ಸಿಲಿಂಡರ್ ಎಂಜಿನ್‌ಗಳಿಗೆ ಒಂದೇ, ಅದರಿಂದ ಏನೂ ಗೊತ್ತಾಗುವುದಿಲ್ಲ. ವಿ8ಗಳಲ್ಲಿ ಉಪಯೋಗ ಇದೆ. ಫೋರ್ಡ್ 289ಕ್ಕೆ 1-5-4-2-6-3-7-8. ಅದರ ದೊಡ್ಡಣ್ಣನ ಹಾಗೆ ಕಾಣುವ 351 ವಿಂಡ್ಸರ್‌ಗೆ 1-3-7-2-6-5-4-8.

ಬೋಲ್ಟಿನ ಥ್ರೆಡ್ ನೋಡಿ ದೇಶ ಹೇಳಬಹುದು ಅಂತಾರಲ್ಲ?

ಸ್ವಲ್ಪ ಮಟ್ಟಿಗೆ ನಿಜ. ಹಳೇ ಬ್ರಿಟಿಷ್ ಎಂಜಿನ್‌ಗಳಲ್ಲಿ ವಿಟ್‌ವರ್ತ್ ಮತ್ತು ಬಿಎಸ್‌ಎಫ್ ಎಂಬ ಬ್ರಿಟಿಷ್ ಥ್ರೆಡ್‌ಗಳು ಇರುತ್ತವೆ, ಥ್ರೆಡ್ ಕೋನ 55 ಡಿಗ್ರಿ. ಅಮೆರಿಕದ ಥ್ರೆಡ್ಡಿಗೂ ಮೆಟ್ರಿಕ್ಕಿಗೂ 60 ಡಿಗ್ರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಯೂನಿಫೈಡ್ ಥ್ರೆಡ್ ಒಪ್ಪಿಕೊಂಡವು. ಬ್ರಿಟಿಷ್ ಕಾರುಗಳು 1950ರ ದಶಕದಲ್ಲಿ ಒಂದೊಂದಾಗಿ ಅದಕ್ಕೆ ಬದಲಾದವು.

ಇದರಲ್ಲಿ ಒಂದು ವಿಚಿತ್ರ ಇದೆ, ಹೇಳದೇ ಇರಲಾರೆ. ಮಾರಿಸ್ ಕಂಪನಿಯ ಹಳೇ ಎಂಜಿನ್‌ಗಳಲ್ಲಿ ಥ್ರೆಡ್ ಮೆಟ್ರಿಕ್, ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್ ಸ್ಪ್ಯಾನರಿನ ಅಳತೆ. ಆ ಎಂಜಿನ್ ಮಾಡುತ್ತಿದ್ದ ಕಾರ್ಖಾನೆ ಮೂಲತಃ ಫ್ರೆಂಚ್ ಕಂಪನಿ ಹಾಚ್‌ಕಿಸ್‌ನದು. ಯಂತ್ರಗಳೆಲ್ಲ ಮೆಟ್ರಿಕ್, ಸ್ಪ್ಯಾನರ್ ಹಿಡಿಯುವವರ ಹತ್ತಿರ ಇದ್ದದ್ದು ಬ್ರಿಟಿಷ್ ಸೆಟ್. ಈ ಪದ್ಧತಿ ಎಂಜಿಯ ಎಕ್ಸ್‌ಪಿಎಜಿ ಎಂಜಿನ್ ತನಕ ನಡೆಯಿತು. ವಿಟ್‌ವರ್ತ್ ತಲೆಯ ಬೋಲ್ಟ್ ಬಿಚ್ಚಿ, ಅದಕ್ಕೆ ಮೆಟ್ರಿಕ್ ಗೇಜ್ ಸರಿಹೊಂದಿದರೆ ನೀವು ಆ ಮನೆತನದ ಎಂಜಿನ್ ಮುಂದೆ ಕೂತಿದ್ದೀರಿ.

ಡೈನಮೋ, ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್ ಮೇಲಿನ ನಂಬರ್ ಉಪಯೋಗಕ್ಕೆ ಬರುತ್ತವಾ?

ಬರುತ್ತವೆ. ಬ್ರಿಟನ್ನಿನ ಲ್ಯೂಕಸ್ ಕಂಪನಿಯ ವಿದ್ಯುತ್ ಭಾಗಗಳ ಮೇಲೆ ಮಾಡೆಲ್ ಹೆಸರಿನ ಜೊತೆ ತಿಂಗಳು, ವರ್ಷ ಹೊಡೆದಿರುತ್ತದೆ. '11 62' ಅಂದರೆ 1962ರ ನವೆಂಬರ್. ಎಸ್‌ಯು ಕಂಪನಿಯ ಕಾರ್ಬುರೇಟರಿನ ಫ್ಲೋಟ್ ಚೇಂಬರ್ ಮುಚ್ಚಳದ ಸ್ಕ್ರೂ ಕೆಳಗೆ ಒಂದು ಚಿಕ್ಕ ತಗಡು ಸಿಕ್ಕಿಸಿರುತ್ತಾರೆ. 'ಎಯುಡಿ' ಅಂತ ಶುರುವಾಗುವ ಆ ನಂಬರ್ ಯಾವ ಕಾರಿಗೆ ಅಂತ ಹೇಳುತ್ತದೆ. ಆದರೆ ಇವು ಒಂದೊಂದೇ ಇದ್ದರೆ ಲೆಕ್ಕಕ್ಕಿಲ್ಲ. ಮೂರು ನಾಲ್ಕು ಭಾಗಗಳ ದಿನಾಂಕ ಬ್ಲಾಕಿನ ದಿನಾಂಕಕ್ಕಿಂತ ಸ್ವಲ್ಪ ಆಚೀಚೆ ಇದ್ದರೆ, ಎಂಜಿನ್ ಹೆಚ್ಚು ಕೈ ತಾಗದೆ ಉಳಿದಿದೆ ಅಂತ ಖುಷಿಪಡಬಹುದು.

ಕಾರಿನ ಹೆಸರು ಒಂದು, ಎಂಜಿನ್ ಮೇಲಿನ ಹೆಸರು ಇನ್ನೊಂದು. ಎಂಜಿನ್ ಬದಲಾಗಿದೆಯಾ?

ಹಾಗೇ ಆಗಬೇಕೆಂದಿಲ್ಲ. ಎಂಜಿನ್ ಹೊರಗಿನಿಂದ ಕೊಳ್ಳುತ್ತಿದ್ದ ಕಾರು ಕಂಪನಿಗಳು ತುಂಬ ಇದ್ದವು. ಅಮೆರಿಕದ ಕಾಂಟಿನೆಂಟಲ್ ಬೇರೆ ಬೇರೆ ಕಾರುಗಳಿಗೆ ಎಂಜಿನ್ ಕೊಡುತ್ತಿತ್ತು. ಆಬರ್ನ್ ಕಾರಿನಲ್ಲಿ ಲೈಕಮಿಂಗ್ ಎಂಜಿನ್ ಇರುವುದು ಸರಿಯೇ.

ಹಳೇ ಬ್ರಿಟಿಷ್ ದಾಖಲೆಯಲ್ಲಿ ಹಾರ್ಸ್‌ಪವರ್ ತೀರಾ ಕಡಿಮೆ ಇದೆ. ತಪ್ಪಾ?

ತಪ್ಪಲ್ಲ. ಅದು ತೆರಿಗೆಯ ಹಾರ್ಸ್‌ಪವರ್. ಇಂಚಿನಲ್ಲಿ ಬೋರ್ ಗುಣಿಸು ಬೋರ್ ಗುಣಿಸು ಸಿಲಿಂಡರ್ ಸಂಖ್ಯೆ, ಅದನ್ನು 2.5ರಿಂದ ಭಾಗಿಸಬೇಕು. ಸ್ಟ್ರೋಕ್ ಲೆಕ್ಕಕ್ಕೇ ಇಲ್ಲ. ಮಾಡೆಲ್ ಎಗೆ ಇದು 24 ಬರುತ್ತದೆ. ತೆರಿಗೆ ಹೊರೆ ಇಳಿಸಲು ಫೋರ್ಡ್ ಬ್ರಿಟನ್ನಿಗಾಗಿ ಬೋರ್ ಚಿಕ್ಕದು ಮಾಡಿ 14.9 ಹಾರ್ಸ್‌ಪವರಿನ ಮಾಡೆಲ್ ಎಎಫ್ ತಂದಿತು. ಈ ಸೂತ್ರವನ್ನು ಹಿಂದುಮುಂದು ಮಾಡಿದರೆ ಹಳೇ ದಾಖಲೆಯಿಂದಲೇ ಮೂಲ ಬೋರ್ ಲೆಕ್ಕ ಹಾಕಬಹುದು. ಬೋರ್ ಮಾಡಿಸಿದ ಎಂಜಿನ್ ಕೈಯಲ್ಲಿದ್ದಾಗ ಇದು ತುಂಬ ಅನುಕೂಲ.

ನಂಬರ್ ನಕಲಿ ಅಂತ ಹೇಗೆ ಗೊತ್ತಾಗುತ್ತದೆ?

ನಂಬರ್ ಇರುವ ಜಾಗದ ಮೇಲ್ಮೈ ನೋಡಿ. ಕಾರ್ಖಾನೆ ಯಂತ್ರ ನಯ ಮಾಡುವಾಗ ಒಂದೇ ದಿಕ್ಕಿನಲ್ಲಿ ಸಣ್ಣ ಗೆರೆಗಳು ಉಳಿದಿರುತ್ತವೆ. ಆ ಗೆರೆಗಳಿಲ್ಲದೆ ಗ್ರೈಂಡರಿನ ಸುರುಳಿ ಗುರುತು ಇದ್ದರೆ ಯಾರೋ ಕೆರೆದಿದ್ದಾರೆ. ಅಂಕಿಗಳ ಆಕಾರ ಬೇರೆ ಬೇರೆ ಇದ್ದರೂ ಅನುಮಾನಪಡಿ. ಎರಕದ ದಿನಾಂಕ ಎಂಜಿನ್ ಜೋಡಿಸಿದ ದಿನಾಂಕಕ್ಕಿಂತ ಆಮೇಲಿನದಾಗಿದ್ದರೆ ಮುಗಿಯಿತು, ಹಾಗೆ ಆಗಲು ಸಾಧ್ಯವೇ ಇಲ್ಲ. ಹೆಡ್ ಕೂರುವ ಮೇಲ್ಮೈಯನ್ನು ಯಂತ್ರದಲ್ಲಿ ಮಟ್ಟ ಮಾಡಿಸುವಾಗ ನಂಬರ್ ಪ್ರಾಮಾಣಿಕವಾಗಿಯೇ ಅಳಿಸಿಹೋಗುವುದೂ ಇದೆ. ಹಾಗಾಗಿ ಖಾಲಿ ಜಾಗ ಕಂಡ ಕೂಡಲೇ ಕಳ್ಳಮಾಲು ಅನ್ನಬೇಡಿ, ದಾಖಲೆ ಕೇಳಿ.

ಅಳಿಸಿದ ನಂಬರನ್ನು ಮತ್ತೆ ಹೊಡೆಯುವುದು ಹಲವು ದೇಶಗಳಲ್ಲಿ ಅಪರಾಧ. ಪಂಚ್ ಹೊಡೆದಾಗ ಕೆಳಗಿನ ಲೋಹವೂ ಒತ್ತಿಹೋಗಿರುತ್ತದೆ, ಅದರಿಂದ ಅಳಿಸಿದ್ದನ್ನು ಆಮ್ಲ ಬಳಸಿ ಓದುವ ವಿಧಾನ ವಿಧಿವಿಜ್ಞಾನದವರ ಹತ್ತಿರ ಇದೆ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಎಂಜಿನ್ ಕಾರಿಗಿಂತ ಹೊಸದು ಅಂತ ಗೊತ್ತಾಯಿತು. ತೆಗೆದುಹಾಕಬೇಕಾ?

ಬೇಡ. ಮೊದಲು ಆ ಎಂಜಿನ್ನಿನ ಕಥೆ ತಿಳಿದುಕೊಳ್ಳಿ. ಮಾಡೆಲ್ ಟಿ ಕಾರು 1927ರಲ್ಲಿ ನಿಂತರೂ ಅದರ ಎಂಜಿನ್ನನ್ನು ಫೋರ್ಡ್ 1941ರ ಆಗಸ್ಟ್ ತನಕ ಮಾಡುತ್ತಲೇ ಇತ್ತು. 1920ರ ಕಾರಿನಲ್ಲಿ 1930ರ ದಶಕದ ಎಂಜಿನ್ ಇದ್ದರೆ ಅದು ಕಂಪನಿಯದೇ ಬದಲಿ ಎಂಜಿನ್ ಇರಬಹುದು. ಯಾರೋ ಆ ಕಾರನ್ನು ಓಡಿಸುತ್ತಲೇ ಇರಬೇಕು ಅಂತ ದುಡ್ಡು ಖರ್ಚು ಮಾಡಿದ್ದಾರೆ. ಎಂಜಿನ್ ನಂಬರ್, ಚಾಸಿ ನಂಬರ್, ಎರಕದ ದಿನಾಂಕ, ಅಳತೆ ಎಲ್ಲವನ್ನೂ ಫೋಟೋ ಸಮೇತ ಒಂದು ಕಡತದಲ್ಲಿ ಹಾಕಿ ಕಾರಿನ ಜೊತೆಗೇ ಇಡಿ. ಕಾರು ಮಾರುವಾಗ ಆ ಕಡತವನ್ನೂ ಕೊಡಿ.